ಪೆನ್ನಿನ ಸಂತೆಗೆ ಹೊರಡುವ ಮುನ್ನ

ಶಾಯಿ ಪೆನ್ನಿನ ಕಾಲ ಮುಗಿದುಹೋಯಿತು ಎಂದು ಭಾವಿಸಿದವರೇ ಹೆಚ್ಚು. ಬಾಲ್ ಪೆನ್ನು ಬಂತು, ಕಂಪ್ಯೂಟರ್ ಬಂತು, ಕೊನೆಗೆ ಮೊಬೈಲೂ ಬಂತು. ಇನ್ನು ಬೆರಳಿಗೆ ಮಸಿ ಮೆತ್ತಿಸಿಕೊಳ್ಳುವವರು ಯಾರು? ಆದರೆ ಅಮೆರಿಕ, ಬ್ರಿಟನ್ನುಗಳಲ್ಲಿ ಶಾಯಿ ಪೆನ್ನಿನ ಆಸಕ್ತರು ವರ್ಷಕ್ಕೊಮ್ಮೆ ಒಂದೆಡೆ ಸೇರುವ ಪರಿಪಾಠ ದಶಕಗಳಿಂದ ನಡೆದು ಬಂದಿದೆ. ನಮ್ಮ ದೇಶದಲ್ಲೂ 2020ರ ಆಸುಪಾಸಿನಿಂದ ದೊಡ್ಡ ನಗರಗಳಲ್ಲಿ ಇಂತಹ ಮೇಳಗಳು ನಡೆಯತೊಡಗಿವೆ. ಒಂದು ಸಭಾಂಗಣ, ಅದರ ತುಂಬ ಮೇಜುಗಳು, ಮೇಜುಗಳ ಮೇಲೆ ಹಳೆಯ ಮತ್ತು ಹೊಸ ಪೆನ್ನುಗಳು. ಒಂದೆಡೆ ಶಾಯಿಯ ಬಾಟಲಿಗಳು, ಇನ್ನೊಂದೆಡೆ ನಿಬ್ಬು ಉಜ್ಜಿ ಸರಿಪಡಿಸುವವರು, ಮತ್ತೊಂದೆಡೆ ಲೇತಿನಲ್ಲಿ ಪೆನ್ನು ಕಡೆಯುವವರು. ಕೊಳ್ಳುವವರಿಗಿಂತ ಬರೆದು ನೋಡುವವರ ಸಂಖ್ಯೆಯೇ ಹೆಚ್ಚು. ಹೆಸರಿಗೆ ಪ್ರದರ್ಶನ, ಸ್ವಭಾವದಲ್ಲಿ ಸಂತೆ.

ಅಂಥದೊಂದು ಸಂತೆಗೆ ಹೋಗಲು ನಾವು ಕೆಲವು ಗೆಳೆಯರು ಸಿದ್ಧತೆ ನಡೆಸಿದ್ದೇವೆ. ಯಾವ ಪೆನ್ನು ಒಯ್ಯಬೇಕು, ಎಷ್ಟು ಹಣ ಇಟ್ಟುಕೊಳ್ಳಬೇಕು ಎಂಬ ಮಾತಿನ ನಡುವೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. "ಶಾಯಿ ಪೆನ್ನನ್ನು ಮೊದಲು ಕಂಡುಹಿಡಿದವರು ಮುಸ್ಲಿಮರಲ್ಲವೇ?" ಈ ಪ್ರಶ್ನೆಗೆ ಉತ್ತರ ಗೊತ್ತಿರದೆ ಅಂಥ ಜಾಗಕ್ಕೆ ಹೋಗುವುದು ಸರಿಯಲ್ಲ. ಅಲ್ಲಿರುವವರು ಪೆನ್ನಿನ ಚರಿತ್ರೆಯನ್ನು ಅರೆದು ಕುಡಿದವರು. ನಾವು ಒಂದು ಹೇಳಿ, ಅವರು ಇನ್ನೊಂದು ತೋರಿಸಿ, ನಮ್ಮ ಮಾತು ಹಗುರವಾಗಬಾರದು.

ಪ್ರಶ್ನೆಯ ಹಿಂದೆ ಒಂದು ನಿಜವಾದ ದಾಖಲೆ ಇದೆ. ಹತ್ತನೇ ಶತಮಾನದ ಫಾತಿಮಿ ಖಲೀಫ ಅಲ್ ಮುಇಝ್ಝ್ (ಆಳ್ವಿಕೆ 953ರಿಂದ 975) ಅವರ ಆಸ್ಥಾನದಲ್ಲಿ ಅಲ್ ಖಾದಿ ಅನ್ನುಅಮಾನ್ ಎಂಬ ದೊಡ್ಡ ನ್ಯಾಯವಿದ್ವಾಂಸರಿದ್ದರು. ಖಲೀಫರ ಸಭೆಗಳಲ್ಲಿಯೂ ಸವಾರಿಗಳಲ್ಲಿಯೂ ತಾವು ಕೇಳಿದ್ದನ್ನು 'ಕಿತಾಬುಲ್ ಮಜಾಲಿಸ್ ವಲ್ ಮುಸಾಯರಾತ್' ಎಂಬ ಗ್ರಂಥದಲ್ಲಿ ಅವರು ಬರೆದಿಟ್ಟಿದ್ದಾರೆ. ಪೆನ್ನಿನ ಪ್ರಸಂಗ ಬರುವುದು ಅದರಲ್ಲಿ. ದೌತಿಯಲ್ಲಿ ಅದ್ದದೆಯೇ ಬರೆಯುವ ಲೇಖನಿಯೊಂದು ಬೇಕು, ಅದರ ಮಸಿ ಅದರ ಒಡಲಲ್ಲೇ ಇರಬೇಕು ಎಂದು ಖಲೀಫರು ಬಯಸುತ್ತಾರೆ. ಬರೆಯುವಾಗ ಮಾತ್ರ ಮಸಿ ಹರಿಯಬೇಕು. ಬರೆದು ಮುಗಿಸಿ ಅಂಗಿಯ ತೋಳಿನೊಳಗೆ ಇಟ್ಟುಕೊಂಡರೂ ಕಲೆಯಾಗಬಾರದು, ತಲೆಕೆಳಗಾಗಿ ಹಿಡಿದರೂ ಹನಿ ಬೀಳಬಾರದು. ಇದು ಸಾಧ್ಯವೇ ಎಂದು ಅನ್ನುಅಮಾನ್ ಅಚ್ಚರಿಪಡುತ್ತಾರೆ. ಅಲ್ಲಾಹನಿಚ್ಛೆಯಿದ್ದರೆ ಸಾಧ್ಯ ಎಂಬುದು ಖಲೀಫರ ಉತ್ತರ. ಕೆಲವೇ ದಿನಗಳಲ್ಲಿ ಕುಶಲಕರ್ಮಿಯೊಬ್ಬನು ಚಿನ್ನದಲ್ಲಿ ಅಂತಹ ಲೇಖನಿಯನ್ನು ಮಾಡಿ ತರುತ್ತಾನೆ. ಮೊದಲ ಸಲ ಮಸಿ ತುಸು ಹೆಚ್ಚೇ ಹರಿಯುತ್ತದೆ. ಖಲೀಫರು ಅದನ್ನು ಸರಿಪಡಿಸಲು ಹೇಳುತ್ತಾರೆ. ಆಮೇಲೆ ಹೇಗೆ ತಿರುಗಿಸಿದರೂ ಮಸಿ ಹೊರಬರಲಿಲ್ಲ, ಬರೆಯಲು ಕಾಗದಕ್ಕಿಟ್ಟರೆ ಸುಂದರವಾಗಿ ಬರೆಯಿತು ಎಂದು ಅನ್ನುಅಮಾನ್ ದಾಖಲಿಸುತ್ತಾರೆ. ಕೇಳಿದವರಿಗಷ್ಟೇ, ಬೇಕಾದಾಗಲಷ್ಟೇ ತನ್ನಲ್ಲಿರುವುದನ್ನು ಕೊಡುವ ಈ ವಸ್ತುವಿನಲ್ಲಿ ಅವರು ಒಂದು ನೀತಿಯನ್ನೂ ಕಾಣುತ್ತಾರೆ.

ಈ ಭಾಗವನ್ನು ಬ್ರಿಟಿಷ್ ವಿದ್ವಾಂಸ ಸಿ.ಇ. ಬಾಸ್‌ವರ್ತ್ 1981ರಲ್ಲಿ ಒಂದು ಲೇಖನದ ಮೂಲಕ ಇಂಗ್ಲಿಷ್ ಓದುಗರ ಮುಂದಿಟ್ಟರು. ಲೇಖನದ ಶೀರ್ಷಿಕೆಯ ಕೊನೆಯಲ್ಲಿ ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ನಂತರ ಆ ಕಥೆ ಬಾಯಿಂದ ಬಾಯಿಗೆ ಹರಡುವಾಗ ಆ ಚಿಹ್ನೆ ಎಲ್ಲೋ ಬಿದ್ದುಹೋಯಿತು. "953ರಲ್ಲಿ ಈಜಿಪ್ಟಿನ ಸುಲ್ತಾನ ಫೌಂಟನ್ ಪೆನ್ ಕಂಡುಹಿಡಿದ" ಎಂಬ ಒಂದೇ ಸಾಲು ಉಳಿಯಿತು.

ಆ ಸಾಲಿನಲ್ಲಿ ಎಷ್ಟು ಸರಿ? ಅಲ್ ಮುಇಝ್ಝ್ 953ರಲ್ಲಿ ಪಟ್ಟಕ್ಕೆ ಬಂದಾಗ ಅವರ ರಾಜಧಾನಿ ಇದ್ದುದು ಇಂದಿನ ಟುನೀಶಿಯಾದಲ್ಲಿ, ಕೈರವಾನ್ ಪಟ್ಟಣದ ಬಳಿಯ ಅಲ್ ಮನ್ಸೂರಿಯಾದಲ್ಲಿ. ಅವರ ಸೇನಾನಿ ಜೌಹರ್ ಈಜಿಪ್ಟನ್ನು ಗೆದ್ದದ್ದು 969ರಲ್ಲಿ. ಖಲೀಫರು ಕೈರೋಗೆ ಬಂದು ನೆಲೆಸಿದ್ದು 973ರಲ್ಲಿ. 953 ಎಂಬುದು ಪಟ್ಟದ ವರ್ಷವೇ ಹೊರತು ಪೆನ್ನಿನ ವರ್ಷವಲ್ಲ. ಅವರು ಸುಲ್ತಾನರೂ ಅಲ್ಲ, ಇಸ್ಮಾಈಲಿ ಪಂಥದ ಇಮಾಮರಾಗಿದ್ದ ಖಲೀಫರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಚಿನ್ನದ ಲೇಖನಿ ಇಂದು ಉಳಿದಿಲ್ಲ. ಅದನ್ನು ನೋಡಿ ಇನ್ನೊಬ್ಬರು ಮಾಡಿದರು, ಅವರಿಂದ ಮತ್ತೊಬ್ಬರು ಕಲಿತರು ಎಂಬ ಸರಪಳಿಯೂ ಇಲ್ಲ. ಇಂದಿನ ಪೆನ್ನು ಅದರಿಂದ ಹುಟ್ಟಿ ಬಂದುದಲ್ಲ.

ಇದನ್ನು ಹೇಳಿದರೆ ನಮ್ಮವರಲ್ಲಿ ಕೆಲವರಿಗೆ ಬೇಸರವಾಗುತ್ತದೆ. ಬೇಸರಕ್ಕೆ ಕಾರಣವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಸಾವಿರ ವರ್ಷಗಳ ಹಿಂದೆ ಒಬ್ಬ ದೊರೆ ಸರಿಯಾದ ಪ್ರಶ್ನೆ ಕೇಳಿದರು, ಒಬ್ಬ ಕೆಲಸಗಾರ ಅದಕ್ಕೆ ಉತ್ತರ ಮಾಡಿ ತೋರಿಸಿದ, ಒಬ್ಬ ವಿದ್ವಾಂಸರು ಅದನ್ನು ಪ್ರಾಮಾಣಿಕವಾಗಿ ಬರೆದಿಟ್ಟರು. ಮೊದಲ ಸಲ ಮಸಿ ಹೆಚ್ಚು ಹರಿಯಿತು ಎಂಬುದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅವರ ಪ್ರಾಮಾಣಿಕತೆಯ ಮೇಲೆ ನಾವು ಉತ್ಪ್ರೇಕ್ಷೆಯನ್ನು ಹೇರುವುದು ಅವರಿಗೇ ಮಾಡುವ ಅನ್ಯಾಯ. ನಮ್ಮನ್ನು ಕಾಡುವುದು ಬೇರೆಯೇ ಸಂಗತಿ: ಖಲೀಫರ ಹೆಸರು ಎಲ್ಲರಿಗೂ ಗೊತ್ತು, ಚಿನ್ನ ಕರಗಿಸಿ ಅದನ್ನು ಮಾಡಿದವನ ಹೆಸರನ್ನು ಯಾರೂ ಹೇಳುವುದಿಲ್ಲ.

ಹಾಗೆ ನೋಡಿದರೆ, ಬರೆಯುವ ಸಲಕರಣೆಗೆ ಮುಸ್ಲಿಂ ಜಗತ್ತು ಕೊಟ್ಟ ನಿಜವಾದ ಕೊಡುಗೆಯನ್ನು ಆ ಒಂದು ಚಿನ್ನದ ಪೆನ್ನಿನಲ್ಲಿ ಹುಡುಕಬೇಕಾಗಿಲ್ಲ. ದೌತಿಯನ್ನೇ ತೆಗೆದುಕೊಳ್ಳಿ. ಮಸಿ ಚೆಲ್ಲದಿರಲು ಬರಹಗಾರರು ಅದರೊಳಗೆ ಹಸಿ ರೇಷ್ಮೆಯ ನೂಲಿನ ಉಂಡೆಯನ್ನು ಇಡುತ್ತಿದ್ದರು. ಅದಕ್ಕೆ 'ಲೀಖಾ' ಎಂದು ಹೆಸರು. ರೇಷ್ಮೆ ಮಸಿಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಜೊಂಡಿನ ಕಲಮನ್ನು ಅದಕ್ಕೆ ಮೆಲ್ಲನೆ ತಾಗಿಸಿದರೆ ಬೇಕಾದಷ್ಟೇ ಮಸಿ ಹತ್ತುತ್ತದೆ, ದೌತಿ ಉರುಳಿದರೂ ಚೆಲ್ಲುವುದು ಕಡಿಮೆ. ಖಲೀಫರು ಚಿನ್ನದಲ್ಲಿ ಕೇಳಿದ್ದಕ್ಕೆ ಸಾಮಾನ್ಯ ಗುಮಾಸ್ತನು ಒಂದು ಹಿಡಿ ನೂಲಿನಲ್ಲಿ ಉತ್ತರ ಕಂಡುಕೊಂಡಿದ್ದ. ದೌತಿ ಮತ್ತು ಕಲಮುಗಳೆರಡನ್ನೂ ಇಡುವ ಲೋಹದ ಪೆಟ್ಟಿಗೆಗಳಂತೂ ಕಲಾಕೃತಿಗಳೇ ಆದವು. ವಾಷಿಂಗ್ಟನ್ನಿನ ಫ್ರಿಯರ್ ಗ್ಯಾಲರಿಯಲ್ಲಿ ಹಿತ್ತಾಳೆಗೆ ಬೆಳ್ಳಿ, ತಾಮ್ರಗಳ ಕುಂದಣವಿಟ್ಟ ಪೆಟ್ಟಿಗೆಯೊಂದಿದೆ. ಅದು ಹಿಜರಿ 607ರದು, ಅಂದರೆ 1210-11ರದು. ಮಜ್ದುಲ್ ಮುಲ್ಕ್ ಅಲ್ ಮುಝಫ್ಫರ್ ಎಂಬ ಮಂತ್ರಿಗಾಗಿ ಮಾಡಿದ್ದು. ಅದರ ಮೇಲೆ ಒಡೆಯನ ಹೆಸರಿನ ಜೊತೆಗೆ ಮಾಡಿದವನ ಹೆಸರೂ ಇದೆ: ಶಾಝೀ.

ಇತ್ತ ಐರೋಪ್ಯರ ಕಥೆಯೂ ಉತ್ಪ್ರೇಕ್ಷೆಯಿಂದ ಹೊರತಲ್ಲ. ಪೆನ್ನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳುವ ಕಥೆ ಹೀಗಿದೆ: ನ್ಯೂಯಾರ್ಕಿನ ವಿಮಾ ಏಜೆಂಟ್ ಲೂಯಿಸ್ ವಾಟರ್‌ಮನ್ ದೊಡ್ಡ ಕರಾರಿಗೆ ಸಹಿ ಮಾಡಿಸುವಾಗ ಪೆನ್ನು ಮಸಿ ಕಕ್ಕಿತು, ಅವನು ಹೊಸ ಕಾಗದ ತರುವಷ್ಟರಲ್ಲಿ ಪ್ರತಿಸ್ಪರ್ಧಿ ಗಿರಾಕಿಯನ್ನು ಒಯ್ದ, ಆ ಸಿಟ್ಟಿನಲ್ಲಿ ಅವನು ಒಳ್ಳೆಯ ಪೆನ್ನು ಮಾಡಿದ. ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ನಿಜ. ಕರಾರಿನ ಕಥೆ ಮಾತ್ರ ಅವನು 1901ರಲ್ಲಿ ತೀರಿಕೊಂಡ ಬಳಿಕ ಜಾಹೀರಾತಿನ ಮೂಲಕ ಬೆಳೆದದ್ದು ಎಂದು ಹಳೆಯ ಪೆನ್ನುಗಳ ಸಂಶೋಧಕರು ತೋರಿಸಿದ್ದಾರೆ. ಅವನಿಗಿಂತ ಮೊದಲೂ ಪ್ರಯತ್ನಗಳು ನಡೆದಿದ್ದವು. ಜರ್ಮನಿಯ ಡೇನಿಯಲ್ ಶ್ವೆಂಟರ್ 1636ರಲ್ಲೇ ಗರಿಯೊಳಗೆ ಇನ್ನೊಂದು ಗರಿಯನ್ನು ತೂರಿಸಿ ಮಸಿ ತುಂಬುವ ಉಪಾಯ ಬರೆದಿದ್ದ. ರುಮೇನಿಯಾದ ಪೆತ್ರಾಕೆ ಪೊಯೆನಾರು ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 1827ರಲ್ಲಿ ಪೇಟೆಂಟ್ ಪಡೆದಿದ್ದ.

ವಾಟರ್‌ಮನ್ನನ ಸಾಧನೆ ಏನೆಂದು ಅರಿಯಲು ನಿಬ್ಬಿನ ಕೆಳಗಿರುವ ಕಪ್ಪು ತುಂಡನ್ನು ನೋಡಬೇಕು. ಶಾಲೆಯ ದಿನಗಳಲ್ಲಿ ಅದನ್ನು ನಾಲಿಗೆ ಎನ್ನುತ್ತಿದ್ದೆವು. ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ. ಮುಚ್ಚಿದ ಕೊಳವೆಯಿಂದ ಮಸಿ ಹೊರಬರಬೇಕಾದರೆ ಅಷ್ಟೇ ಗಾಳಿ ಒಳಹೋಗಬೇಕು. ಗಾಳಿ ಹೋಗದಿದ್ದರೆ ಪೆನ್ನು ಬರೆಯುವುದಿಲ್ಲ, ಹೆಚ್ಚಾಗಿ ಹೋದರೆ ಕಕ್ಕುತ್ತದೆ. ಆ ಗೀರುಗಳು ಮಸಿಯನ್ನು ತಮ್ಮ ಸೆಳೆತದಲ್ಲಿ ಹಿಡಿದುಕೊಂಡು, ಗಾಳಿಯ ಗುಳ್ಳೆಗೆ ದಾರಿ ಬಿಟ್ಟುಕೊಡುತ್ತವೆ. ದೌತಿಯಲ್ಲಿ ರೇಷ್ಮೆ ಮಾಡುತ್ತಿದ್ದುದೂ ಇಂಥದೇ ಸೆಳೆತದ ಕೆಲಸ. ಒಬ್ಬರಿಂದ ಇನ್ನೊಬ್ಬರು ಕದ್ದರು ಎಂದಲ್ಲ, ಪ್ರಕೃತಿಯ ನಿಯಮ ಎಲ್ಲರಿಗೂ ಒಂದೇ.

ಈಗ ನಮ್ಮ ನೆಲಕ್ಕೆ ಬರೋಣ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಮಸಿ ಸವರುವುದು ಕನ್ನಡಿಗರ ಹಳೆಯ ಪದ್ಧತಿ. ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದೇ ನಮ್ಮ ಅಕ್ಷರಗಳು ದುಂಡಗಾದವು ಎಂದು ಹೇಳುವುದುಂಟು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದುದು ಕಡತ. ಇಂದು ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಅದೇ ಹೆಸರು. ನಂತರ ಕಾಗದ ಬಂತು, ಅದರೊಂದಿಗೆ ಪಾರಸಿ-ಅರಬಿ ಮಾತುಗಳೂ ಬಂದವು. ಕಾಗದ ಎಂಬ ಮಾತೇ ಪಾರಸಿಯ 'ಕಾಗಝ್'. ದೌತಿ ಎಂಬುದು 'ದವಾತ್'. ಶಾಯಿ ಎಂಬುದು 'ಸಿಯಾಹೀ', ಅಂದರೆ ಕಪ್ಪು. ಹಾಗಾಗಿ ನೀಲಿ ಶಾಯಿ ಎನ್ನುವಾಗ ನಾವು ನೀಲಿ ಕಪ್ಪು ಎನ್ನುತ್ತಿದ್ದೇವೆ. ಯಾರಿಗೂ ಅದರಿಂದ ತೊಂದರೆಯಾಗಿಲ್ಲ. ದಸ್ಕತ್ತು, ದಸ್ತಾವೇಜು, ದಫ್ತರ, ಗುಮಾಸ್ತ ಇವೂ ಅದೇ ದಾರಿಯಲ್ಲಿ ಬಂದವು. ಅತ್ಯಂತ ಸ್ವಾರಸ್ಯದ್ದು 'ಕಲಮು'. ಅರಬಿಯಲ್ಲಿ ಲೇಖನಿಯನ್ನು ಸೂಚಿಸುವ, ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಹೆಸರಾಗಿರುವ 'ಖಲಮ್' ಕನ್ನಡದಲ್ಲಿ ಕಾನೂನಿನ ವಿಧಿಗೆ ಹೆಸರಾಯಿತು. ಪೊಲೀಸ್ ಠಾಣೆಯಲ್ಲಿ "ಯಾವ ಕಲಂ ಹಾಕಿದ್ದಾರೆ?" ಎಂದು ವಿಚಾರಿಸುವವನಿಗೆ ತಾನು ಲೇಖನಿಯ ಹೆಸರು ಹೇಳುತ್ತಿದ್ದೇನೆಂಬ ಅರಿವು ಇರುವುದಿಲ್ಲ.

ಪೆನ್ನನ್ನು ಯಾರು ಮೊದಲು ಮಾಡಿದರು ಎಂಬ ಜಗಳಕ್ಕಿಂತ ಈ ಮಾತುಗಳು ನಮಗೆ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಇವು ಯಾರದೋ ದಾಳಿಯ ಗುರುತುಗಳಲ್ಲ. ಶಾನುಭೋಗರೂ ಮುನ್ಷಿಗಳೂ ಒಂದೇ ಕಚೇರಿಯಲ್ಲಿ, ಒಂದೇ ಚಾಪೆಯ ಮೇಲೆ ಕೂತು ಲೆಕ್ಕ ಬರೆದುದರ ಗುರುತುಗಳು.

ಭಾರತದ ಸಂವಿಧಾನದ ಮೂಲ ಇಂಗ್ಲಿಷ್ ಪ್ರತಿಯಲ್ಲೂ ಈ ಕೂಡುಬಾಳಿನ ಒಂದು ಎಳೆ ಇದೆ. ಅದನ್ನು ಕೈಯಲ್ಲಿ ಬರೆದವರು ದಿಲ್ಲಿಯ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಅವರಿಗೆ ಅಕ್ಷರಕಲೆ ಕಲಿಸಿದ ಅಜ್ಜ ಪಾರಸಿ ಬಲ್ಲ ವಿದ್ವಾಂಸರು. ಮೊಮ್ಮಗ ಬರೆದದ್ದು ಫೌಂಟನ್ ಪೆನ್ನಿನಲ್ಲಲ್ಲ, ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬಿನಲ್ಲಿ. ಅದಕ್ಕೆ ನೂರಾರು ನಿಬ್ಬುಗಳು ಸವೆದವು. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ 'ದಿ ಮುಸಲ್ಮಾನ್' ಎಂಬ ಉರ್ದು ದೈನಿಕವಂತೂ ಕಂಪ್ಯೂಟರ್ ಯುಗಕ್ಕೆ ಕಾಲಿಟ್ಟ ಮೇಲೂ ಕಾತಿಬರ ಕೈಬರಹದಲ್ಲೇ ಹೊರಬಂದಿತು.

ಫೌಂಟನ್ ಪೆನ್ನು ನಮ್ಮ ದೇಶದಲ್ಲಿ ಮೊದಲು ವಿದೇಶಿ ವಸ್ತು, ಬಾಬುಗಳ ಜೇಬಿನ ಅಲಂಕಾರ. ಅದನ್ನು ಸ್ವದೇಶಿ ಮಾಡುವ ಯತ್ನದಲ್ಲಿ ಹೆಚ್ಚು ಹೆಸರಾದುದು ಆಂಧ್ರದ ರಾಜಮಂಡ್ರಿ. ಅಲ್ಲಿನ ರತ್ನಂ ಎಂಬ ಅಕ್ಕಸಾಲಿಗ ಕುಶಲಕರ್ಮಿ 1930ರ ದಶಕದ ಆರಂಭದಲ್ಲಿ ಪೆನ್ನು ತಯಾರಿಸಿದರು. ಮತ್ತೆ ಅಕ್ಕಸಾಲಿಗನೇ, ಗಮನಿಸಿ. ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ ಒಂದು ಪೆನ್ನು ಗಾಂಧೀಜಿಗೆ ತಲುಪಿತು. 1935ರ ಜುಲೈ 16ರಂದು ಗಾಂಧೀಜಿ ವಾರ್ಧಾದಿಂದ ರತ್ನಂ ಅವರಿಗೆ ಪತ್ರ ಬರೆದರು. ಪೆನ್ನನ್ನು ಬಳಸಿ ನೋಡಿದೆ, ಬಜಾರಿನಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿಯಂತೆ ಕಾಣುತ್ತದೆ ಎಂಬುದು ಅದರ ಸಾರ. ಗಾಂಧೀಜಿಯವರ ಸ್ವಂತ ಒಲವು ಹಳ್ಳಿಯ ಜೊಂಡಿನ ಲೇಖನಿಯ ಕಡೆಗೇ ಇತ್ತು. ಆದರೂ ಒಬ್ಬ ಕೆಲಸಗಾರನ ಶ್ರಮಕ್ಕೆ ಎರಡು ಸಾಲು ಬರೆಯಲು ಅವರು ಬೇಸರಪಡಲಿಲ್ಲ.

ಶಾಯಿಯ ಕಥೆಯೂ ಅದೇ ಕಾಲದ್ದು. ಮುಂದೆ ಕ್ಯಾಮ್ಲಿನ್ ಎನಿಸಿಕೊಂಡ ಸಂಸ್ಥೆಯನ್ನು ದಾಂಡೇಕರ್ ಅವರು ಮುಂಬಯಿಯಲ್ಲಿ 1931ರಲ್ಲಿ ತೆರೆದಾಗ ಮಾರಿದ್ದು ಕುದುರೆ ಛಾಪಿನ ಶಾಯಿ ಪುಡಿ ಮತ್ತು ಗುಳಿಗೆಗಳನ್ನು. ಬಂಗಾಳದ ರಾಜಶಾಹಿಯಲ್ಲಿ ಮೈತ್ರ ಸಹೋದರರು 1934ರಲ್ಲಿ ಸುಲೇಖಾ ಶಾಯಿಯನ್ನು ಆರಂಭಿಸಿದರು. ರಾಜಶಾಹಿ ಇಂದು ಬಾಂಗ್ಲಾದೇಶದಲ್ಲಿದೆ, ಸುಲೇಖಾ ಕೋಲ್ಕತಾದಲ್ಲಿದೆ. 1980ರ ದಶಕದ ಕೊನೆಗೆ ಮುಚ್ಚಿದ ಆ ಕಾರ್ಖಾನೆ ಬಹಳ ವರ್ಷಗಳ ಮೇಲೆ ಮತ್ತೆ ತೆರೆಯಿತು. ನಮ್ಮ ತಲೆಮಾರಿನ ಶಾಲಾ ಮಕ್ಕಳ ಬಿಳಿ ಅಂಗಿಗೆ ಬಣ್ಣ ಕೊಟ್ಟ ಬ್ರಿಲ್ ಶಾಯಿ ನಮ್ಮ ಬೆಂಗಳೂರಿನದೇ.

ಕರಾವಳಿಯ ಮನೆಗಳಿಗೆ ಪೆನ್ನು ಇನ್ನೊಂದು ದಾರಿಯಿಂದಲೂ ಬಂತು. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು ಮತ್ತು ಬಟ್ಟೆಯ ಜೊತೆಗೆ ಚೀನಾದ ಹೀರೋ ಪೆನ್ನುಗಳಿರುತ್ತಿದ್ದವು. ಓದುವ ಮಕ್ಕಳಿಗೆ, ಮದ್ರಸದ ಉಸ್ತಾದರಿಗೆ, ಶಾಲೆಯ ಮೇಷ್ಟ್ರಿಗೆ ಒಂದೊಂದು. ಅದರ ಮೂತಿ, ಬಾಣದಾಕಾರದ ಕ್ಲಿಪ್ಪು ಎಲ್ಲವೂ 1941ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಪಾರ್ಕರ್ 51ರ ಪಡಿಯಚ್ಚು ಎಂಬುದು ಆಗ ಯಾರಿಗೆ ಬೇಕಿತ್ತು? ಪತ್ರಗಳು ಓಡಾಡುತ್ತಿದ್ದ ಕಾಲ ಅದು. ಅಲ್ಲಿಂದ ಬಂದ ಕಾಗದಕ್ಕೆ ಅಲ್ಲಿಂದಲೇ ಬಂದ ಪೆನ್ನಿನಿಂದ ಉತ್ತರ ಬರೆಯುತ್ತಿದ್ದರು.

ಆಮೇಲೆ ಬಾಲ್ ಪೆನ್ನು. ಅಮೆರಿಕದಲ್ಲಿ 1945ರಲ್ಲೇ ಅದು ಅಂಗಡಿಗೆ ಬಂದಿತ್ತಾದರೂ ನಮ್ಮ ಶಾಲೆಗಳು ಬಹುಕಾಲ ಅದನ್ನು ಒಳಗೆ ಬಿಡಲಿಲ್ಲ. ಅಕ್ಷರ ಕೆಡುತ್ತದೆ ಎಂಬ ವಾದ. 1980ರ ದಶಕದ ಬಳಿಕ ಅಗ್ಗದ ರೆನಾಲ್ಡ್ಸ್ ಪೆನ್ನು ಎಲ್ಲ ವಾದವನ್ನೂ ಗೆದ್ದಿತು. ನಾವು ಅದನ್ನು ಹಳಿಯುವುದಿಲ್ಲ. ಬಡವರ ಮಕ್ಕಳ ಕೈಗೆ ಸೋರದ, ಒಡೆಯದ ಪೆನ್ನು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ನಷ್ಟವಾದದ್ದು ಲೇತಿನ ಮುಂದೆ ಕೂತವರಿಗೆ.

ಆದ್ದರಿಂದ ಮೇಳಕ್ಕೆ ಹೋದಾಗ ನಾವು ಮೊದಲು ಹುಡುಕುವುದು ಎಬೊನೈಟ್ ಪೆನ್ನುಗಳ ಮೇಜನ್ನು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು ಎಬೊನೈಟ್. ಅದರ ಕೋಲನ್ನು ಕೈಯಿಂದಲೇ ಕಡೆದು ಪೆನ್ನು ಮಾಡುವವರು ಆಂಧ್ರ, ತಮಿಳುನಾಡುಗಳಲ್ಲಿ ಇನ್ನೂ ಇದ್ದಾರೆ. ಬೆರಳಿನಿಂದ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬಿಸಿಲಿಗೆ ಅದರ ಕಪ್ಪು ಕಂದಾಗುತ್ತದೆ. ಡ್ರಾಪರಿನಿಂದ ಕೊಳವೆಯ ತುಂಬ ಶಾಯಿ ಹಾಕುವ ಇಂತಹ ಪೆನ್ನಿನಲ್ಲಿ ಶಾಯಿ ಕಾಲುಭಾಗಕ್ಕೆ ಇಳಿದಾಗ ಅಂಗೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದು ಹನಿ ಬೀಳಬಹುದು; ಅದು ಪೆನ್ನಿನ ದೋಷವಲ್ಲ, ಆಗಲೇ ತುಂಬಿಸಿಕೊಂಡರಾಯಿತು. ನಿಬ್ಬು ಯಾರದು ಎಂದು ಕೇಳಿ. ಹಲವು ಭಾರತೀಯ ಪೆನ್ನುಗಳಿಗೆ ಇಂದು ಜರ್ಮನಿಯ ನಿಬ್ಬು. ಇಲ್ಲಿಯ ನಿಬ್ಬು ಬೇಕೆಂದರೆ ಅದೂ ಸಿಗುತ್ತದೆ, ಕೇಳುವವರಿರಬೇಕು ಅಷ್ಟೇ.

ಒಯ್ಯುವ ಪೆನ್ನುಗಳನ್ನು ಹಿಂದಿನ ದಿನವೇ ತಣ್ಣೀರಿನಲ್ಲಿ ತೊಳೆದಿಡಿ. ನಿಮಗೆ ಒಗ್ಗಿದ ಕಾಗದದ ಪುಸ್ತಕವನ್ನು ಜೊತೆಗಿರಿಸಿಕೊಳ್ಳಿ. ಅಂಗಡಿಯವರ ನುಣ್ಣನೆಯ ಕಾಗದದ ಮೇಲೆ ಯಾವ ಪೆನ್ನಾದರೂ ಚೆನ್ನಾಗಿಯೇ ಬರೆಯುತ್ತದೆ. ಇನ್ನೊಬ್ಬರ ಪೆನ್ನನ್ನು ಕೇಳದೆ ಮುಟ್ಟಬೇಡಿ, ನಿಬ್ಬನ್ನು ಒತ್ತಬೇಡಿ. ಉರ್ದು ಬರೆಯುವವರು ಅಡ್ಡಗೆರೆ ದಪ್ಪಗೆ, ಉದ್ದಗೆರೆ ತೆಳ್ಳಗೆ ಬರುವಂತೆ ಉಜ್ಜಿದ ನಿಬ್ಬನ್ನು ಕೇಳಿ ನೋಡಬಹುದು. ನಿಬ್ಬು ಉಜ್ಜುವವರು ಅದಕ್ಕೆ 'ಆರ್ಕಿಟೆಕ್ಟ್' ಎನ್ನುತ್ತಾರೆ, ಕೆಲವರು 'ಅರೇಬಿಕ್' ಎಂದೇ ಹೇಳುತ್ತಾರೆ. ದುಂಡಗಿನ ಕನ್ನಡಕ್ಕೆ ಅದು ಅಷ್ಟಾಗಿ ಒಗ್ಗದು, ಸಣ್ಣ ಗುಂಡು ತುದಿಯೇ ಮೇಲು. ಅಕ್ಷರಕಲೆಗೆ ಮಾರುವ ಕಾಡಿಗೆಯ ಮಸಿಯನ್ನು ಮಾತ್ರ ಯಾವ ಕಾರಣಕ್ಕೂ ಇಂತಹ ಪೆನ್ನಿಗೆ ಹಾಕಬೇಡಿ. ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿಯಲ್ಲಿ ದೀಪಗಳ ಹೊಗೆ ಒಂದು ಕೋಣೆಗೆ ಸೇರುವಂತೆ ಕಟ್ಟಿ, ಅಲ್ಲಿ ಕೂತ ಕಾಡಿಗೆಯಿಂದ ಮಸಿ ಮಾಡುತ್ತಿದ್ದರಂತೆ. ಎಷ್ಟು ಶ್ರೇಷ್ಠ ಮಸಿಯಾದರೂ ಅದರಲ್ಲಿ ಅಂಟಿದೆ. ನಾಲಿಗೆಯ ಗೀರುಗಳಲ್ಲಿ ಒಣಗಿದರೆ ಪೆನ್ನು ಮುಗಿಯಿತು.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ತಂದೆಯದೋ ಅಜ್ಜನದೋ ಪೆನ್ನು ಬಿದ್ದಿದ್ದರೆ ಅದನ್ನೂ ತನ್ನಿ. ಮೇಳದಲ್ಲಿ ಅದನ್ನು ಬಿಚ್ಚಬಲ್ಲವರು ಸಿಗುತ್ತಾರೆ. ನೀವೇ ಇಕ್ಕಳ ಹಾಕಿ ಎಳೆಯಬೇಡಿ, ಎಬೊನೈಟನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಡಿ, ಬಣ್ಣಗೆಡುತ್ತದೆ. ಆ ಕಾಲದಲ್ಲಿ ಪೆನ್ನು ಕೊಂಡವರು ಅಂಗಡಿಯಲ್ಲೇ ಹೆಸರು ಕೊರೆಸಿಕೊಳ್ಳುತ್ತಿದ್ದರು. ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಆ ಹೆಸರು ಕಾಣಬಹುದು, ಟೋಪಿಯ ಅಂಚಿನ ಬಳಿ ಮಾಡಿದವರ ಹೆಸರೂ ಇರಬಹುದು. ಹೊಳಪು ಕೊಡುತ್ತೇವೆ ಎಂದು ಯಾರಾದರೂ ಕೈಗೆತ್ತಿಕೊಂಡರೆ, ಆ ಎರಡು ಹೆಸರುಗಳನ್ನು ಉಜ್ಜಬೇಡಿ ಎಂದು ಮೊದಲೇ ಹೇಳಿಬಿಡಿ.